ಅಜ್ಜನ ಕಾಯಿ ಹೊಡೆಯಬಹುದೇ?

ರಬಕವಿ, ಬನಹಟ್ಟಿ ಎಂಬ ಅವಳಿ ಊರುಗಳಿಗೆ ಮೊದಲ ಸಲ ಕಾಲಿಡುವವರನ್ನು ಎದುರುಗೊಳ್ಳುವುದು ಮಗ್ಗದ ಸದ್ದು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಯ ಒಳಗಿನಿಂದ ಖಟಾಖಟ್ ಖಟಾಖಟ್ ಎಂದು ಅದು ಕೇಳಿಬರುತ್ತಲೇ ಇರುತ್ತದೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಆ ಸದ್ದು ಇದ್ದೂ ಇಲ್ಲದ ಹಾಗೆ. ನಿಂತಾಗ ಮಾತ್ರ ಕಿವಿ ನಿಮಿರುತ್ತದೆ. ಕರೆಂಟು ಹೋಯಿತೆಂದರೆ ಸಾಕು, ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ನೇಕಾರ ಬೆವರೊರೆಸಿಕೊಳ್ಳುತ್ತ ಹೊರಗಿನ ಕಟ್ಟೆಗೆ ಬರುತ್ತಾನೆ. ಹಿಂದೆ ಈ ಬಿಡುವಿನಲ್ಲಿ ಎಲೆ ಅಡಿಕೆಯ ಸಂಚಿ ಬಿಚ್ಚುತ್ತಿತ್ತು, ನೂಲಿನ ದರದ ಮಾತು ಏಳುತ್ತಿತ್ತು. ಈಗ ಅದೇ ಕಟ್ಟೆಯ ಮೇಲೆ ದಾಳ ಉರುಳುವ ಸದ್ದು ಕೇಳುತ್ತದೆ. ಸದ್ದು ಕೇಳುತ್ತದೆಯೇ ಹೊರತು ದಾಳ ಕೈಗೆ ಸಿಗುವಂಥದಲ್ಲ. ಮೊಬೈಲಿನ ಗಾಜಿನ ಹಿಂದೆ ಅದು ಉರುಳುತ್ತಿರುತ್ತದೆ. ಸುತ್ತ ನಾಲ್ಕು ತಲೆಗಳು ಬಾಗಿರುತ್ತವೆ.

ಇಂಥ ಯಾವುದೇ ಕಟ್ಟೆಯ ಮೇಲೆ ನಡೆಯಬಹುದಾದ ಒಂದು ಗಳಿಗೆಯನ್ನು ಊಹಿಸಿಕೊಳ್ಳಿ. ಏಳನೇ ಇಯತ್ತೆಯ ಹುಡುಗಿಗೆ ಐದು ಬಿದ್ದಿದೆ. ಐದನೇ ಮನೆಯಲ್ಲಿ ಸರಿಯಾಗಿ ಅಜ್ಜನ ಕಾಯಿ ಕುಳಿತಿದೆ. ಇನ್ನು ಮೂರು ಹೆಜ್ಜೆ ಇಟ್ಟಿದ್ದರೆ ಅದು ತನ್ನ ಬಣ್ಣದ ಓಣಿ ಹೊಕ್ಕು ನಿಶ್ಚಿಂತವಾಗುತ್ತಿತ್ತು. ಹೊಡೆದರೆ ಪಾಪ, ಹೊರಟಲ್ಲಿಗೇ ಮರಳಬೇಕು. ಹುಡುಗಿಯ ಬೆರಳು ಗಾಜಿನ ಮೇಲೆ ನಿಂತುಬಿಟ್ಟಿದೆ. ಅವ್ವನ ಮುಖ ನೋಡುತ್ತಾಳೆ. ‘ಬಿಡು, ಬೇರೆ ಕಾಯಿ ನಡೆಸು’ ಎಂದು ಅವ್ವನ ಕಣ್ಣು ಹೇಳುತ್ತದೆ. ಅಜ್ಜ ಮಾತ್ರ ಗದರುತ್ತಾನೆ: ‘ಹೊಡಿ ತಂಗೀ, ದಾಳ ಬಿದ್ದೈತಿ. ಮುಖ ಏನ್ ನೋಡ್ತಿ?’

ನಗು ಬರುವ ಪ್ರಸಂಗವೇ ಸರಿ. ಆದರೆ ಇದರಲ್ಲಿ ಸಣ್ಣದೊಂದು ಧರ್ಮಸಂಕಟವೂ ಇದೆ. ಅಜ್ಜ ಬಂದರೆ ಎದ್ದು ನಿಲ್ಲಬೇಕು, ಅಜ್ಜ ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕಲಿತ ಹುಡುಗಿ ಅವಳು. ಮನೆಯ ನಿಯಮ ಒಂದು ಹೇಳುತ್ತದೆ, ಮಣೆಯ ನಿಯಮ ಇನ್ನೊಂದು ಹೇಳುತ್ತದೆ. ಯಾವುದನ್ನು ಪಾಲಿಸಬೇಕು?

ಈ ಪ್ರಶ್ನೆ ಮೊಬೈಲಿನೊಂದಿಗೆ ಬಂದದ್ದಲ್ಲ. ಲೂಡೋ ಎಂಬ ಹೆಸರು ಮತ್ತು ಅದರ ಈಗಿನ ರೂಪಕ್ಕೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರೂ, ಅದು ಈ ನೆಲದ ಪಚ್ಚೀಸಿಯಿಂದಲೇ ಹೋದ ಆಟ. ಪಗಡೆಯ ಮೊಮ್ಮಗ ಎಂದರೂ ಸಲ್ಲುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮಣೆಯಾಟಗಳ ಮೇಲೆ ಎಷ್ಟು ಪ್ರೀತಿ ಇಟ್ಟಿದ್ದರೆಂದರೆ, ತಾವೇ ಹೊಸ ಆಟಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂದು ಭಾಗವನ್ನೇ, ‘ಕೌತುಕನಿಧಿ’ ಎಂಬ ಹೆಸರಿನಲ್ಲಿ, ಆಟಗಳಿಗೆ ಮೀಸಲಿಟ್ಟರು. ಅರಮನೆಯ ಮಾತು ಅಲ್ಲಿಗಿರಲಿ. ಹಳ್ಳಿಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆ ಗೀಚಿ, ನಾಲ್ಕು ಕವಡೆ ಚೆಲ್ಲಿ, ಬಳೆ ಚೂರುಗಳನ್ನೋ ಹುಣಸೆ ಬೀಜಗಳನ್ನೋ ಕಾಯಿ ಮಾಡಿಕೊಂಡು ಚೌಕಾಬಾರ ಆಡದ ಅಜ್ಜಿಯರು ಉತ್ತರ ಕರ್ನಾಟಕದಲ್ಲಿ ಕಡಿಮೆ. ಆ ಆಟದಲ್ಲಿ ಬಹಳ ಕಡೆ ಪಾಲಿಸುವ ಕಟ್ಟುನಿಟ್ಟಾದ ನಿಯಮವೊಂದಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅತ್ತೆಯ ಕಾಯಿಯಾಗಲಿ, ಅಜ್ಜನ ಕಾಯಿಯಾಗಲಿ, ಯಾರನ್ನೂ ನೋಯಿಸದೆ ಬರಿಯ ವಿನಯದಿಂದ ಹೊರಸುತ್ತನ್ನೇ ಸುತ್ತುತ್ತಿದ್ದರೆ ಮನೆ ಮುಟ್ಟುವ ಹಾಗಿಲ್ಲ! ಆಟ ಕಟ್ಟಿದ ಹಿರಿಯರೇ ಹಿರಿಯರನ್ನು ಹೊಡೆಯುವ ಪರವಾನಗಿಯನ್ನೂ ಬರೆದಿಟ್ಟಿದ್ದರು.

ಅವರಿಗೆ ಗೊತ್ತಿದ್ದ ಸಂಗತಿ ಇದು: ಮನೆಯಲ್ಲಿ ವಯಸ್ಸನ್ನು ಬದಿಗಿಟ್ಟು ಎದುರುಬದುರು ಕೂಡುವ ಜಾಗ ಒಂದಾದರೂ ಇರಬೇಕು. ಮಣೆ ಆ ಜಾಗ. ಅಲ್ಲಿ ಗೆದ್ದವರು ನಿಜವಾಗಿ ಗೆದ್ದಿರಬೇಕು, ಸೋತವರು ನಿಜವಾಗಿ ಸೋತಿರಬೇಕು. ಆದರೆ ಇಂದಿನ ಅನೇಕ ಪಾಲಕರು ಇಲ್ಲಿಯೇ ಎಡವುತ್ತಾರೆ. ಮಗ ಅಳುತ್ತಾನೆಂದು ಬೇಕೆಂದೇ ಸೋಲುತ್ತಾರೆ. ಮೂರು ವರ್ಷದ ಕೂಸಿನೊಂದಿಗೆ ಹಾಗೆ ಮಾಡಿದರೆ ತಪ್ಪೇನಿಲ್ಲ. ಹತ್ತು ವರ್ಷದ ಹುಡುಗನಿಗೆ ಅದು ತಿಳಿದುಹೋಗುತ್ತದೆ. ಅಪ್ಪ ತನ್ನನ್ನು ಸರಿಸಮನೆಂದು ಎಣಿಸಿಲ್ಲ ಎಂಬುದು ತಿಳಿದ ಮೇಲೆ ಗೆಲುವಿನ ರುಚಿಯೇ ಕೆಡುತ್ತದೆ. ಮರುದಿನ ಅವನು ಅಪ್ಪನನ್ನು ಆಟಕ್ಕೆ ಕರೆಯುವುದಿಲ್ಲ, ಗೆಳೆಯರನ್ನು ಹುಡುಕಿಕೊಂಡು ಹೋಗುತ್ತಾನೆ. ಇದಕ್ಕೆ ವಿರುದ್ಧವಾದ ಇನ್ನೊಂದು ಜಾತಿಯ ಹಿರಿಯರೂ ಇದ್ದಾರೆ. ಸೋತ ಕೂಡಲೇ ‘ಸಾಕು, ಓದಿಕೋ ಹೋಗು’ ಎಂದು ಫೋನು ಕಸಿದುಕೊಳ್ಳುವವರು. ತನ್ನ ಆಟ ಮುಗಿದ ಕೂಡಲೇ ಮಗನ ಪರೀಕ್ಷೆ ನೆನಪಾಗುವ ಈ ಪರಿ ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ.

ಮಣೆ ಮೊಬೈಲಿಗೆ ಹತ್ತಿದಾಗ ಕೆಲವು ಸಂಗತಿಗಳು ಬದಲಾದವು. ನವಿ ಮುಂಬಯಿಯ ಸಂಸ್ಥೆಯೊಂದು ‘ಲೂಡೋ ಕಿಂಗ್’ ಆಟವನ್ನು ತಂದದ್ದು 2016ರಲ್ಲಿ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅದು ಮನೆಮನೆಗೂ ಹೊಕ್ಕಿತು. ಮಗ್ಗ ನಿಂತಿತ್ತು, ಶಾಲೆ ನಿಂತಿತ್ತು, ಮದುವೆಯ ಸೀರೆ ಕೇಳುವವರಿರಲಿಲ್ಲ. ಮೂರು ತಲೆಮಾರಿನವರು ಒಂದೇ ಸೂರಿನಡಿ ದಿನವಿಡೀ ಕೂಡಬೇಕಾಗಿ ಬಂದಾಗ ನಡುವೆ ಇಡಲು ಏನಾದರೂ ಬೇಕಿತ್ತು. ಆಗ ಹತ್ತಿದ ರೂಢಿ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ.

ಯಂತ್ರದ ಮಣೆಯಲ್ಲಿ ಮೋಸವಿಲ್ಲ ಎಂಬುದು ಅದರ ಹೆಗ್ಗಳಿಕೆ. ಒಂದು ಕೊರತೆಯೂ ಹೌದು. ಕವಡೆಯಾಟದಲ್ಲಿ ಕವುಚಿ ಬಿದ್ದದ್ದೆಷ್ಟು, ಮಗುಚಿ ಬಿದ್ದದ್ದೆಷ್ಟು ಎಂದು ಎಣಿಸಬೇಕು. ಕಾಯಿ ಎಷ್ಟು ಮನೆ ನಡೆಯಬೇಕೆಂದು ಬೆರಳಿಟ್ಟು ಲೆಕ್ಕ ಹಾಕಬೇಕು. ಒಂದು ಮನೆ ಹೆಚ್ಚು ನಡೆಸಿದ ಅಣ್ಣನನ್ನು ಹಿಡಿದು ಪಂಚಾಯಿತಿ ಕೂಡಿಸಬೇಕು. ಬಾಲವಾಡಿಯ ಮಕ್ಕಳು ಕೂಡಿಸಿ ಕಳೆಯುವುದನ್ನು ಅರ್ಧ ಕಲಿಯುತ್ತಿದ್ದದ್ದೇ ಅಲ್ಲಿ, ಜಗಳವಾಡಿ ರಾಜಿಯಾಗುವುದನ್ನು ಪೂರಾ ಕಲಿಯುತ್ತಿದ್ದದ್ದೂ ಅಲ್ಲಿಯೇ. ಮೊಬೈಲು ಎಣಿಸುವ ಕೆಲಸವನ್ನೂ ನ್ಯಾಯ ಹೇಳುವ ಕೆಲಸವನ್ನೂ ತಾನೇ ವಹಿಸಿಕೊಂಡುಬಿಟ್ಟಿದೆ. ಹಾಗಾಗಿ ಮಕ್ಕಳು ಚಿಕ್ಕವರಿರುವ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ನೆಲದ ಮೇಲೆ ಮನೆ ಗೀಚುವುದು ಒಳ್ಳೆಯದು. ಕಲಿಸಲು ಅಜ್ಜಿ ಸಿದ್ಧಳಿರುತ್ತಾಳೆ.

ಅಜ್ಜಿ ಎಂದಾಗ ನೆನಪಾಗಬೇಕಾದ ಮಾತೊಂದಿದೆ. ನೇಕಾರ ಮನೆಗಳಲ್ಲಿ ಹೆಂಗಸರ ಕೈ ಬರಿದಾಗಿರುವುದು ಅಪರೂಪ. ಗಂಡಸರ ಬಿಡುವೆಂದರೆ ಕಟ್ಟೆ. ಹೆಂಗಸರ ಬಿಡುವೆಂದರೆ ಕಂಡಿಕೆ ಸುತ್ತುವುದು, ಇಲ್ಲವೇ ಕಾಳು ಹಸನು ಮಾಡುವುದು. ಅಂಥ ಮನೆಯ ಅಜ್ಜಿ ಆಡುವುದಾದರೆ ಬಾಯಿಂದಲೇ ಆಡಬೇಕು. ‘ಹಸರು ಕಾಯಿ ನಡಸು. ಅದಲ್ಲೋ, ಹಿಂದಿಂದು. ಮುಂದಿಂದು ಕಟ್ಟಿ ಮ್ಯಾಲೈತಿ, ಅದಕ್ಕ ಯಾರೂ ಏನೂ ಮಾಡಂಗಿಲ್ಲ’ ಎಂದು ಆಕೆ ಹೇಳುತ್ತಿದ್ದರೆ ಮೊಮ್ಮಗ ಆಕೆಯ ಕೈಯಾಗಿ ಕಾಯಿ ನಡೆಸುತ್ತಾನೆ. ತನ್ನದೇ ಕಾಯಿಯನ್ನು ಹೊಡೆಯಬೇಕಾಗಿ ಬಂದರೂ ಅವನು ಅಜ್ಜಿಯ ಪರವಾಗಿ ಹೊಡೆಯಬೇಕು. ಎದುರಾಳಿಯ ಮಾತನ್ನು ತಪ್ಪಿಲ್ಲದೆ ನಡೆಸಿಕೊಡುವ ಈ ಪ್ರಾಮಾಣಿಕತೆ ಸಾಮಾನ್ಯವಾದುದಲ್ಲ. ಅಜ್ಜಿಯ ದೃಷ್ಟಿ ಕಂಡಿಕೆಯ ಮೇಲಿದೆ, ಮೋಸ ಮಾಡಿದರೆ ಆಕೆಗೆ ತಿಳಿಯದು ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಇನ್ನು ಹಿರಿಯರು ತಾವೇ ಗಾಜು ಮುಟ್ಟಿ ಆಡಲು ಕುಳಿತರೆ ಹೊಸ ಪೇಚಾಟ ಶುರುವಾಗುತ್ತದೆ. ಅಜ್ಜ ಒತ್ತುತ್ತಾನೆ, ಕಾಯಿ ಕದಲುವುದಿಲ್ಲ. ಮತ್ತೆ ಒತ್ತುತ್ತಾನೆ, ಇಲ್ಲ. ಮೂರನೆಯ ಸಲ ಜೋರಾಗಿ ಒತ್ತಿದರೆ ಇನ್ನಾವುದೋ ಜಾಹೀರಾತು ತೆರೆದುಕೊಳ್ಳುತ್ತದೆ. ‘ಅಜ್ಜಾ, ನಿನಗ ಬರೂದಿಲ್ಲ, ಕೊಡಿಲ್ಲಿ’ ಎಂದು ಹುಡುಗ ಕಸಿದುಕೊಳ್ಳುತ್ತಾನೆ. ಹುಡುಗನಿಗೆ ತಿಳಿಯದ ಸಂಗತಿ ಏನೆಂದರೆ, ಇಲ್ಲಿ ಅಜ್ಜನ ಬುದ್ಧಿಯದೇನೂ ತಪ್ಪಿಲ್ಲ. ಇಂದಿನ ಮೊಬೈಲಿನ ಗಾಜು ಒತ್ತಡವನ್ನು ಅಳೆಯುವುದಿಲ್ಲ. ಬೆರಳಿನ ಚರ್ಮ ವಿದ್ಯುತ್ತನ್ನು ಸ್ವಲ್ಪವಾದರೂ ಹರಿಯಗೊಡುತ್ತದೆ. ಬೆರಳು ತಾಕಿದಲ್ಲಿ ಗಾಜಿನ ಮೇಲಿನ ವಿದ್ಯುತ್ ಕ್ಷೇತ್ರ ಕದಡುತ್ತದೆ. ಅದನ್ನು ಕಂಡು ಯಂತ್ರ ‘ಇಲ್ಲಿ ಮುಟ್ಟಿದರು’ ಎಂದು ತಿಳಿಯುತ್ತದೆ. ನಾಲ್ಕು ದಶಕ ಮಗ್ಗದ ಮುಂದೆ ಕುಳಿತು ಜಡ್ಡುಗಟ್ಟಿದ, ವಯಸ್ಸಿನಿಂದ ಒಣಗಿದ ಬೆರಳ ತುದಿ ಯಂತ್ರಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಎಷ್ಟು ಜೋರಾಗಿ ಒತ್ತಿದರೂ ಅಷ್ಟೇ. ಒದ್ದೆ ಬಟ್ಟೆಗೆ ಬೆರಳು ತುಸು ಸೋಕಿಸಿಕೊಂಡರೆ, ಅಥವಾ ತುದಿಯ ಬದಲು ಬೆರಳಿನ ಮೆತ್ತನೆಯ ಪಕ್ಕೆಯಿಂದ ಮುಟ್ಟಿದರೆ ಕೆಲಸವಾಗುತ್ತದೆ. ಇಷ್ಟು ಹೇಳಿಕೊಟ್ಟರೆ ಅಜ್ಜ ಮತ್ತೆ ಆಟಗಾರನಾಗುತ್ತಾನೆ. ಕಸಿದುಕೊಂಡರೆ ಮರುದಿನ ಕಟ್ಟೆಗೇ ಬರುವುದಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ಮನೆಯಲ್ಲಿ ಮಕ್ಕಳು ಮೇಷ್ಟ್ರಾಗುವ ಸಂದರ್ಭ ಬಹಳ ಇಲ್ಲ. ಮಗ್ಗ ಕಲಿಸುವವನು ಅಜ್ಜ, ಅಡುಗೆ ಕಲಿಸುವವಳು ಅವ್ವ, ವ್ಯವಹಾರ ಕಲಿಸುವವನು ಅಪ್ಪ. ಡಿಜಿಟಲ್ ಆಟವೊಂದೇ ಈ ಸಾಲನ್ನು ತಲೆಕೆಳಗು ಮಾಡಿದೆ. ‘ಸ್ಟಾರ್ಟ್’, ‘ಎಕ್ಸಿಟ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅಜ್ಜನಿಗೆ ‘ಇದು ಒಳಗ ಹೋಗೂದು, ಇದು ಹೊರಗ ಬರೂದು’ ಎಂದು ತಿಳಿಸುವ ಹುಡುಗನಿಗೆ ಒಂದೇ ಮಾತನ್ನು ಐದು ಸಲ ಹೇಳಬೇಕಾಗುತ್ತದೆ. ಐದನೆಯ ಸಲ ದನಿ ಏರುತ್ತದೆ. ಅದೇ ಹುಡುಗನಿಗೆ ಕಾಗುಣಿತ ತಿದ್ದಿಸುವಾಗ, ಸೈಕಲ್ ಕಲಿಸುವಾಗ, ಇಪ್ಪತ್ತರವರೆಗಿನ ಮಗ್ಗಿ ಬಾಯಿಪಾಠ ಮಾಡಿಸುವಾಗ ಎಷ್ಟು ಸಲ ಹೇಳಿದ್ದರು ಎಂಬ ಲೆಕ್ಕವನ್ನು ಮನೆಯಲ್ಲಿ ಯಾರೂ ಇಟ್ಟಿರುವುದಿಲ್ಲ.

ಚುರುಕಿನ ವಿಷಯಕ್ಕೆ ಬಂದರೆ ಕಿರಿಯರದೇ ಮೇಲುಗೈ. ಕಾರು ಓಡಿಸುವ, ಹಣ್ಣು ಕತ್ತರಿಸುವ, ಓಡುತ್ತ ಜಿಗಿಯುವ ಆಟಗಳಲ್ಲಿ ಅಪ್ಪಂದಿರು ಮಕ್ಕಳ ಮುಂದೆ ನಿಲ್ಲಲಾರರು. ಇದಕ್ಕೆ ಮುದಿತನವೇ ಬರಬೇಕೆಂದಿಲ್ಲ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ‘ಸ್ಟಾರ್‌ಕ್ರಾಫ್ಟ್ 2’ ಎಂಬ ಯುದ್ಧತಂತ್ರದ ಆಟವಾಡುವ 16ರಿಂದ 44 ವರ್ಷದ 3,305 ಜನರ ಆಟವನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಡದ್ದಕ್ಕೆ ಕೂಡಲೇ ಪ್ರತಿಕ್ರಿಯಿಸುವ ವೇಗ 24ನೇ ವಯಸ್ಸಿನಿಂದಲೇ ಇಳಿಯತೊಡಗುತ್ತದೆ! ಕಾಲೇಜು ಬಿಟ್ಟು ಎರಡು ವರ್ಷ ಕಳೆದವನೂ ಈ ಲೆಕ್ಕದಲ್ಲಿ ಹಿರಿಯನೇ. ಆದರೆ ಆ ಅಧ್ಯಯನ ಅಲ್ಲಿಗೇ ನಿಲ್ಲಲಿಲ್ಲ. ವಯಸ್ಸಾದ ಆಟಗಾರರು ಸರಳವಾದ ಉಪಾಯಗಳನ್ನು ಹೂಡಿ, ಅನವಶ್ಯಕ ಚಲನೆಯನ್ನು ಬಿಟ್ಟು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತಾರೆ ಎಂಬ ಸೂಚನೆಯೂ ಅದರಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ಆಡಮ್ ಗ್ಯಾಜಲಿ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಕಾರು ಓಡಿಸುತ್ತಲೇ ಫಲಕಗಳನ್ನು ಗುರುತಿಸುವ ಆಟವೊಂದನ್ನು ಅವರೇ ತಯಾರಿಸಿ, 60ರಿಂದ 85 ವರ್ಷದ ಹಿರಿಯರಿಗೆ ಒಂದು ತಿಂಗಳಲ್ಲಿ ಒಟ್ಟು 12 ಗಂಟೆ ಅಭ್ಯಾಸ ಕೊಟ್ಟರು. ಕೊನೆಗೆ ಆ ಆಟದಲ್ಲಿ ಹಿರಿಯರು, ಅಭ್ಯಾಸವಿಲ್ಲದ ಇಪ್ಪತ್ತರ ಹರೆಯದವರನ್ನೂ ಮೀರಿಸಿದರು. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಾಗೆಂದು ಯಾವ ಆಟವಾಡಿದರೂ ಮರೆವು ದೂರವಾಗುತ್ತದೆ ಎಂದು ನಂಬಿಸುವ ಜಾಹೀರಾತುಗಳಿಗೆ ಮರುಳಾಗಬೇಕಾಗಿಲ್ಲ. ‘ಇನ್ನ ನಮಗೆಲ್ಲಿ ಬರತೈತಿ’ ಎಂಬ ಮಾತಿಗೆ ಮಾತ್ರ ಅದು ಉತ್ತರ. ಜಪಾನಿನ ಹಮಾಕೊ ಮೋರಿ ಎಂಬಾಕೆ ಮಕ್ಕಳು ವಿಡಿಯೋ ಗೇಮ್ ಆಡುವುದನ್ನು ಕಂಡು, ತಾನೂ ಯಾಕೆ ಆಡಬಾರದು ಎಂದು ಶುರುಮಾಡಿದಾಗ ಐವತ್ತು ದಾಟಿತ್ತು. 2020ರಲ್ಲಿ, 90ರ ವಯಸ್ಸಿನಲ್ಲಿ, ಆಟದ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕುವ ಅತಿ ಹಿರಿಯ ವ್ಯಕ್ತಿಯೆಂದು ಗಿನ್ನೆಸ್ ದಾಖಲೆ ಪುಸ್ತಕ ಆಕೆಯನ್ನು ಗುರುತಿಸಿತು.

ಅಷ್ಟು ದೂರದ ಮಾತೇಕೆ? ರಬಕವಿಯ ಅಜ್ಜನ ಮನೆಯಲ್ಲೇ ಕಂಪ್ಯೂಟರಿನ ಮುತ್ತಜ್ಜ ಕುಳಿತಿರುತ್ತಾನೆ. ಸೀರೆಯ ದಡಿಗೆ, ಸೆರಗಿಗೆ ಹೂಬಳ್ಳಿ ಎತ್ತಲು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಯಂತ್ರವೇ ಅದು. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ್ದು. ರಟ್ಟಿನ ಪಟ್ಟಿಗಳ ಮೇಲೆ ಸಾಲಾಗಿ ತೂತುಗಳು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಇದೆ ಅಥವಾ ಇಲ್ಲ, ಎರಡೇ ಮಾತು. ಅದೇ ರಟ್ಟಿನ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದ. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ರಟ್ಟುಗಳಿಂದಲೇ ಎಣಿಸಿದ. ಕಂಪ್ಯೂಟರುಗಳು ಬಂದ ಮೇಲೂ ಬಹಳ ವರ್ಷ ಅವುಗಳಿಗೆ ರಟ್ಟೇ ಆಹಾರವಾಗಿತ್ತು.

ಇದನ್ನು ತಿಳಿದ ಹುಡುಗ ಮೊಬೈಲಿನ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಲಿ. ಅವನ ಆಟದ ಕುದುರೆ, ಕೋಟೆ, ಬಂದೂಕು ಎಲ್ಲವೂ ಸಣ್ಣ ಸಣ್ಣ ಚೌಕಗಳಿಂದಾದದ್ದು. ಅಜ್ಜ ದಡಿಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿಯೇ ನೋಡಿರುತ್ತಾನೆ. ಗೋಮಿ ದಡಿಯನ್ನೋ ಚಿಕ್ಕಿ ದಡಿಯನ್ನೋ ಚೌಕಗಳಲ್ಲಿ ಲೆಕ್ಕ ಹಾಕಿ ಹೇಳಬಲ್ಲ ಕಣ್ಣಿಗೆ, ಚೌಕದ ಇಟ್ಟಿಗೆಗಳಿಂದ ಊರು ಕಟ್ಟುವ ‘ಮೈನ್‌ಕ್ರಾಫ್ಟ್’ನಂಥ ಆಟ ಪರಕೀಯವಾಗಬೇಕಾಗಿಲ್ಲ. ‘ಗ್ವಾಡಿ ಮ್ಯಾಲ ಇಳಕಲ್ ದಡಿ ತಗಿ ನೋಡೋಣ’ ಎಂದು ಅಜ್ಜ ಪಣ ಒಡ್ಡಿದರೆ ಮೊಮ್ಮಗ ಒಂದು ಸಂಜೆ ಪೂರ್ತಿ ಎಳೆ ಎಣಿಸುತ್ತ ಕೂಡಬೇಕಾದೀತು. ಆಗ ಯಾರು ಗುರು, ಯಾರು ಶಿಷ್ಯ ಎಂದು ಹೇಳುವುದು ಕಷ್ಟ.

ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕು ಎಂಬುದು ಹಳೆಯ ಮಾತು. ಅದನ್ನು ಆಚರಣೆಯಲ್ಲಿ ಕಾಣಬೇಕೆಂದರೆ ಚದುರಂಗದ ಕಡೆ ನೋಡಬೇಕು. ವಿಶ್ವನಾಥನ್ ಆನಂದ್ 1986ರಿಂದ 37 ವರ್ಷ ಭಾರತದ ಮೊದಲನೇ ಶ್ರೇಯಾಂಕದಲ್ಲಿ ಕುಳಿತಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಆ ಸ್ಥಾನದಿಂದ ಅವರನ್ನು ಇಳಿಸಿದವರು, ಅವರೇ ಮಾರ್ಗದರ್ಶನ ಮಾಡಿದ ಡಿ. ಗುಕೇಶ್. ಮರುವರ್ಷ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ರ ಹರೆಯದ ಗುಕೇಶ್ ವಿಶ್ವ ಚಾಂಪಿಯನ್ ಆದರು. ಶಿಷ್ಯ ಗುರುವಿನ ಕಾಯಿ ಹೊಡೆದ ಮೇಲೆ ಗುರು ಮುಖ ಊದಿಸಿಕೊಂಡು ಕೂಡಲಿಲ್ಲ. ಚದುರಂಗದ ಮಕ್ಕಳು ಈಗ ಮೊಬೈಲಿನಲ್ಲಿ ಊರು ಕೇರಿ ಕಾಣದವರೊಂದಿಗೂ ಆಡುತ್ತಾರೆ. ಎದುರಿಗಿರುವವರು ನಿವೃತ್ತ ಮುಖ್ಯಾಧ್ಯಾಪಕರೋ ಎಂಟು ವರ್ಷದ ಪೋರನೋ ಯಾರಿಗೂ ತಿಳಿಯದು. ಪರದೆಯ ಮೇಲೆ ಕಾಣುವುದು ಅವರ ಆಟದ ಅಂಕ ಮಾತ್ರ.

ಹಿರಿಯರನ್ನು ಚಿಂತೆಗೀಡು ಮಾಡುವ ಆಟಗಳು ಇವಲ್ಲ, ಬಂದೂಕಿನ ಆಟಗಳು. ಪಬ್ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದು ಬೇರೆ ಹೆಸರು ಹೊತ್ತು 2021ರಲ್ಲಿ ಮರಳಿತು. ಮರಳುವಾಗ 18 ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆ, ದಿನಕ್ಕೆ 3 ಗಂಟೆಯ ಮಿತಿ ಎಂಬ ನಿಬಂಧನೆಗಳನ್ನು ಹಾಕಿಕೊಂಡು ಬಂತು. ಒಪ್ಪಿಗೆಯೆಂದರೆ ಫೋನಿಗೆ ಬರುವ ಒಂದು ಓಟಿಪಿ. ಆ ಫೋನು ಯಾರ ಕೈಯಲ್ಲಿದೆ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ಊಟಕ್ಕೆ ಕರೆದರೆ ಹುಡುಗ ‘ಇನ್ನ ಐದ ನಿಮಿಷ’ ಎನ್ನುತ್ತಾನೆ. ಐದು ಇಪ್ಪತ್ತಾಗುತ್ತದೆ, ಅಪ್ಪನ ಸಿಟ್ಟು ನೆತ್ತಿಗೇರುತ್ತದೆ, ಫೋನು ಗೋಡೆಗೆ ಅಪ್ಪಳಿಸುತ್ತದೆ. ಅಪ್ಪ ಒಂದು ಸಲವಾದರೂ ಆ ಆಟ ಆಡಿದ್ದರೆ ಅವನಿಗೆ ಒಂದು ಸಂಗತಿ ಗೊತ್ತಿರುತ್ತಿತ್ತು. ಅದು ನಡುವೆ ನಿಲ್ಲಿಸಿಡುವಂಥ ಆಟವಲ್ಲ. ನಾಲ್ವರ ತಂಡ ಕಟ್ಟಿಕೊಂಡು ಇಳಿದರೆ ಒಂದು ಪಂದ್ಯ ಅರ್ಧ ಗಂಟೆಯವರೆಗೂ ನಡೆಯುತ್ತದೆ. ನಡುವೆ ಎದ್ದರೆ ಉಳಿದ ಮೂವರಿಗೆ ಕೈಕೊಟ್ಟಂತೆ. ಮಗ್ಗದ ಮುಂದಿರುವ ಅಪ್ಪನೂ ಕರೆದ ಕೂಡಲೇ ಎದ್ದು ಬರುತ್ತಾನೆಯೇ? ‘ಈ ಕಂಡಿಕಿ ಮುಗೀಲಿ, ಬರತೇನಿ’ ಎನ್ನುತ್ತಾನೆ. ಇಷ್ಟು ತಿಳಿದ ಅಪ್ಪ ‘ಏಳು’ ಎಂದು ಕೂಗುವ ಬದಲು ಎಂಟು ಗಂಟೆಗೇ ‘ಇದು ಕಡೀ ಆಟ, ಇನ್ನೊಂದಕ್ಕ ಇಳೀಬ್ಯಾಡ’ ಎಂದು ಹೇಳಬಲ್ಲ. ಆ ಮಾತಿಗೆ ಹುಡುಗನ ಬಳಿ ನೆಪವಿರುವುದಿಲ್ಲ. ಆಡುವುದು ಇಷ್ಟವಿಲ್ಲದಿದ್ದರೆ ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತು ‘ಇವ ಯಾರು? ನಿನಗ ಹೆಂಗ ಪರಿಚಯ?’ ಎಂದು ಕೇಳಿದರೂ ಸಾಕು. ಮಗನ ತಂಡದಲ್ಲಿ ಕೇಳಿಬರುವ ದನಿಗಳಲ್ಲಿ ಸಹಪಾಠಿಗಳದೆಷ್ಟು, ಮೂವತ್ತು ವರ್ಷದ ಅಪರಿಚಿತರದೆಷ್ಟು ಎಂಬುದು ಕದ ಹಾಕಿದ ಕೋಣೆಯ ಹೊರಗೆ ನಿಂತವರಿಗೆ ತಿಳಿಯುವುದಿಲ್ಲ.

ತಪ್ಪೆಲ್ಲ ಕಿರಿಯರದೇ ಎಂದೂ ಅಲ್ಲ. ಮೊಬೈಲಿನಲ್ಲಿ ರಮ್ಮಿಯಾಡಿ ಸಂಬಳ, ಮುಂಗಡ, ಹೆಂಡತಿಯ ಕಿವಿಯೋಲೆ ಕಳೆದುಕೊಂಡವರು ಶಾಲೆಯ ಹುಡುಗರಲ್ಲ, ಮನೆಯ ಯಜಮಾನರು. ಕರ್ನಾಟಕ ಸರ್ಕಾರ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ದೇಶಕ್ಕೆಲ್ಲ ಅನ್ವಯಿಸುವಂತೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಇಲ್ಲಿಯೂ ಕೂಡಿ ಆಡುವ ಮನೆಗೆ ಒಂದು ಅನುಕೂಲವಿದೆ. ಆಟ ಕಟ್ಟೆಯ ಮೇಲೆ ನಾಲ್ವರ ನಡುವೆ ನಡೆಯುತ್ತಿದ್ದರೆ, ಒಬ್ಬನೇ ಚಾದರದೊಳಗೆ ಫೋನು ಬಚ್ಚಿಟ್ಟುಕೊಂಡು ಆಡುವವನು ಎದ್ದು ಕಾಣುತ್ತಾನೆ. ಅಪ್ಪನಾಗಲಿ, ಮಗನಾಗಲಿ.

ಹೆಚ್ಚು ಹೊತ್ತು ಆಡುವುದೆಲ್ಲ ರೋಗವಲ್ಲ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಸೇರಿದ್ದು ನಿಜ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದರ ಲಕ್ಷಣ ಬೇರೆ. ಆಟದ ಮೇಲಿನ ಹಿಡಿತ ತಪ್ಪಿರಬೇಕು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿಯಾಗುತ್ತಿರುವುದು ಕಂಡರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ಮುಂದುವರಿದಿರಬೇಕು. ಅಂಥ ಅನುಮಾನ ಬಂದರೆ ಬಡಿದು ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಲ್ಲಿ ಚಿಕಿತ್ಸಾಲಯ ತೆರೆದಿದ್ದಾರೆ. ಈ ಭಾಗದವರಿಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್. ಮೊದಲು ಫೋನಿನಲ್ಲೇ ವಿಚಾರಿಸಬೇಕೆಂದರೆ ‘ಟೆಲಿ ಮಾನಸ್’ ಸಹಾಯವಾಣಿ 14416 ಇದೆ, ಖರ್ಚಿಲ್ಲ.

ಕೂಡಿ ಆಡುವುದರಿಂದ ಮಕ್ಕಳಿಗೆ ನಿಜವಾಗಿ ಒಳ್ಳೆಯದಾಗುತ್ತದೆಯೇ? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಹದಿಹರೆಯದ ಮಕ್ಕಳಿರುವ 287 ಕುಟುಂಬಗಳನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ವಾರಸ್ಯಕರವಾಗಿದೆ. ತಂದೆ ತಾಯಿಯೊಂದಿಗೆ ವಯಸ್ಸಿಗೆ ತಕ್ಕ ಆಟವಾಡುವ ಹುಡುಗಿಯರಲ್ಲಿ ನಡವಳಿಕೆ ಚೆನ್ನಾಗಿತ್ತು, ಮನೆಯವರೊಂದಿಗಿನ ಬಾಂಧವ್ಯವೂ ಗಟ್ಟಿಯಾಗಿತ್ತು. ಹುಡುಗರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಕೂಡಿ ಆಡಿದ್ದರಿಂದ ಒಳ್ಳೆಯವರಾದರೋ, ಮನೆಯಲ್ಲಿ ಮೊದಲೇ ಸಾಮರಸ್ಯವಿದ್ದುದರಿಂದ ಕೂಡಿ ಆಡಿದರೋ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ಆದರೂ ಹುಡುಗಿಯರ ಮಾತು ಇಲ್ಲಿನವರನ್ನು ಯೋಚನೆಗೆ ಹಚ್ಚಬೇಕು. ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಸಂಜೆ ಯಾರ ಕೈಯಲ್ಲಿರುತ್ತದೆ? ಅಣ್ಣನ ಕೈಯಲ್ಲಿ. ತಂಗಿ ರೊಟ್ಟಿಗೆ ಹಿಟ್ಟು ನಾದುತ್ತಿರುತ್ತಾಳೆ. ಕಟ್ಟೆಯ ಆಟದಲ್ಲಿ ನಾಲ್ಕು ಬಣ್ಣಗಳಿವೆ. ಅದರಲ್ಲೊಂದು ಅವಳಿಗೆ ಸಿಗುವುದು ಹಿರಿಯರು ಕರೆದಾಗ ಮಾತ್ರ.

ಈಗ ಕಟ್ಟೆಯೇ ಚೆದುರಿರುವ ಮನೆಗಳೂ ಬಹಳ. ಓದಲಿಕ್ಕೆಂದೋ ದುಡಿಯಲಿಕ್ಕೆಂದೋ ಮೊಮ್ಮಕ್ಕಳು ಪುಣೆ ಬೆಂಗಳೂರು ಸೇರಿದ್ದಾರೆ. ಅಂಥವರ ಫೋನಿನ ಮಾತು ಮೂರು ನಿಮಿಷಕ್ಕೇ ಮುಗಿಯುತ್ತದೆ. ಉಂಡಿ? ಹೂಂ. ಅಲ್ಲೆ ಮಳಿ ಆತ? ಇಲ್ಲ. ಹುಷಾರು. ಹೂಂ. ಅದೇ ಹುಡುಗ ರವಿವಾರ ಮಧ್ಯಾಹ್ನ ಲೂಡೋ ಕೋಣೆಯ ಸಂಕೇತ ಸಂಖ್ಯೆ ಕಳಿಸಿ ಅಜ್ಜಿಯನ್ನು ಆಟಕ್ಕೆ ಕರೆದರೆ ಅರ್ಧ ಗಂಟೆ ಸರಿದದ್ದು ತಿಳಿಯುವುದಿಲ್ಲ. ಎದುರಿಗೆ ಕುಳಿತು ಕೇಳಿದರೆ ಬಾಯಿ ಬಿಡದವನು ದಾಳ ಉರುಳುವ ನಡುವೆ ಹಾಸ್ಟೆಲಿನ ಊಟ ಸೇರುತ್ತಿಲ್ಲ ಎನ್ನುತ್ತಾನೆ. ಇನ್ನೊಂದು ಸುತ್ತಿಗೆ, ಅಪ್ಪನಿಗೆ ಹೇಳದೆ ಮುಚ್ಚಿಟ್ಟ ಮಾತು ಹೊರಗೆ ಬೀಳುತ್ತದೆ. ಒಂದು ಪೇಪರು ಉಳಿದಿದೆ. ಅಜ್ಜಿ ಅದಕ್ಕೆ ಏನೂ ಅನ್ನುವುದಿಲ್ಲ. ‘ನಿನ್ನ ಹಳದಿ ಕಾಯಿ ಹೊಡದೆ ನೋಡು’ ಎನ್ನುತ್ತಾಳೆ. ಆಮೇಲೆ ಎರಡು ಸುತ್ತು ಕಳೆದ ಮೇಲೆ, ತನ್ನ ಪಾಳಿ ಬಂದಾಗ, ದಾಳ ಒತ್ತುವ ಮೊದಲು ಕೇಳುತ್ತಾಳೆ: ‘ಮತ್ತ ಯಾವಾಗ ಬರಿಯೂದೈತಿ ಆ ಪೇಪರು?’